ಪಂಚ್ ಅಂದ್ರೆ ಐದು: ಶೋಳಿಂಗನಲ್ಲೂರಿನ ಒಂದು ಟೀ ಪಾತ್ರೆಯ ಇತಿಹಾಸ

ಕಳೆದ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರೆದು ಹಾಕ್ತಿದ್ದೀನಿ. ಆಫೀಸ್ ಕ್ಯಾಬ್‌ನಲ್ಲಿ ಕೂತು ಕೇಳೋದಕ್ಕಿಂತ ಓದೋದು ಸುಲಭ ಅಂತ ಹಲವರು ಹೇಳ್ತೀರಿ, ಅದಕ್ಕೆ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೀನಿ. ಇನ್ನೊಂದನ್ನ ಮಾತ್ರ ಬೇಕಂತಲೇ ವಿಡಿಯೋದಲ್ಲಿ ಹೇಳಿರಲಿಲ್ಲ. ಅದನ್ನ ಹೇಳೋಕೆ ಅಮ್ಮನ ಒಪ್ಪಿಗೆ ಬೇಕಿತ್ತು. ಈಗ ಸಿಕ್ಕಿದೆ.

ವಿಷಯ ಶುರುವಾಗಿದ್ದು 2023ರ ಡಿಸೆಂಬರ್ 4ರ ಸಂಜೆ. ಮಿಚಾಂಗ್ ಚಂಡಮಾರುತದ ದಿನ. ಚೆನ್ನೈನಲ್ಲಿ ಆ ವಾರ ಇದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಶೋಳಿಂಗನಲ್ಲೂರ್ ಜಂಕ್ಷನ್ ಸುತ್ತಮುತ್ತ ಮೊಣಕಾಲು ನೀರು, ಪೆರುಂಬಾಕ್ಕಂ ಕಡೆ ಅದಕ್ಕಿಂತ ಜಾಸ್ತಿ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಲಿಫ್ಟ್ ಇಲ್ಲ. ನಮ್ಮ ಫ್ಲಾಟ್ ಮೂರನೇ ಮಹಡಿ, ಹಾಗಾಗಿ ಕೆಳಗಿನ ಮನೆಯವರು, ಪಕ್ಕದ ಬ್ಲಾಕಿನ ಇಬ್ಬರು ಸಹೋದ್ಯೋಗಿಗಳು, ಎಲ್ಲಾ ನಮ್ಮಲ್ಲೇ ಸೇರಿದ್ದರು. ಗ್ಯಾಸ್ ಸಿಲಿಂಡರ್ ತುಂಬಿತ್ತು, ಕೆಡದ ಹಾಲಿನ ಎರಡು ಟೆಟ್ರಾ ಪ್ಯಾಕ್ ಇತ್ತು, ತೀರ್ಥಹಳ್ಳಿಯಿಂದ ಅಮ್ಮ ಕೊಟ್ಟು ಕಳಿಸಿದ ಕಷಾಯದ ಪುಡಿ ಒಂದು ಡಬ್ಬಿ ಇತ್ತು. ಮೇಣದಬತ್ತಿ ಬೆಳಕಲ್ಲಿ ಟೀ ಇಟ್ಟೆ. ಏಲಕ್ಕಿ, ಶುಂಠಿ ಹುಡುಕೋ ತಾಳ್ಮೆ ಇಲ್ಲದೆ ಅದೇ ಕಷಾಯದ ಪುಡಿ ಒಂದು ಚಮಚ ಹಾಕಿದೆ.

ಆಗ ಹುಬ್ಬಳ್ಳಿ ಕಡೆಯ ಗೆಳೆಯನೊಬ್ಬ ಬ್ಯಾಗಿನಿಂದ ಒಂದು ಬಾಟಲಿ ತೆಗೆದ. ನೆದರ್ಲ್ಯಾಂಡ್ಸ್‌ನಲ್ಲಿ ಮೂರು ತಿಂಗಳು ಆನ್‌ಸೈಟ್ ಮುಗಿಸಿ ಬರುವಾಗ ತಂದ ಕಿತ್ತಳೆ ಲಿಕರ್ ಅದು. 'ಇದನ್ನ ಸ್ವಲ್ಪ ಚಹಾಕ್ಕ ಹಾಕಿ ನೋಡ್ರಿ' ಅಂದ. ಹಾಕಿದೆವು. ನಿಜ ಹೇಳ್ತೀನಿ, ಹೊರಗೆ ಊರು ಮುಳುಗ್ತಾ ಇದ್ದ ಆ ರಾತ್ರಿ ಆ ಲೋಟದಷ್ಟು ರುಚಿ ಇನ್ಯಾವುದೂ ಅನಿಸಲಿಲ್ಲ. ಮೊದಲು ಕಿತ್ತಳೆ ಸಿಪ್ಪೆಯ ಘಮ, ಆಮೇಲೆ ಕಾಳುಮೆಣಸಿನ ಖಾರ ಗಂಟಲಲ್ಲಿ, ಕೊನೆಗೆ ಟೀಯ ಒಗರು.

'ಇದೆಲ್ಲ ಫ್ಯೂಷನ್ ಬ್ರೋ, ಬೆಂಗಳೂರು ಬಾರ್‌ಗಳ ಹೊಸ ಗಿಮಿಕ್' ಅಂದ ಇನ್ನೊಬ್ಬ. ನಾನೂ ಹಾಗೇ ಅಂದುಕೊಂಡಿದ್ದೆ. ಆದ್ರೆ ನಮ್ಮ ವೃತ್ತಿಯ ಒಂದು ಚಾಳಿ ನಿಮಗೆ ಗೊತ್ತಲ್ಲ: ಒಂದು ಸಾಲು ಕೋಡ್ ಕಂಡ್ರೆ ಇದನ್ನ ಮೊದಲು ಯಾರು ಬರೆದರು, ಯಾಕೆ ಬರೆದರು ಅಂತ ನೋಡದೆ ನಿದ್ದೆ ಬರಲ್ಲ. ನೆಟ್‌ವರ್ಕ್ ವಾಪಸ್ ಬಂದ ಮೇಲೆ ಹುಡುಕೋಕೆ ಕೂತೆ. ಹೊಸದು ಅಂದುಕೊಂಡದ್ದರ ಮೊದಲ ಕಮಿಟ್ 1632ರದ್ದು. ಅದೂ ಇದೇ ಕಡಲತೀರದ್ದು.

ಐದು ಸಾಮಾನಿನ ಪಾನೀಯ

1632ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರಾಬರ್ಟ್ ಆಡಮ್ಸ್ ಅನ್ನೋ ನೌಕರ, ಪೇಟಪೋಲಿಯಲ್ಲಿದ್ದ ಥಾಮಸ್ ಕಾಲಿ ಅನ್ನೋ ವ್ಯಾಪಾರಿಗೆ ಒಂದು ಪತ್ರ ಬರೀತಾನೆ. ಪೇಟಪೋಲಿ ಅಂದ್ರೆ ಈಗಿನ ಆಂಧ್ರದ ನಿಜಾಂಪಟ್ನಂ. ನಮ್ಮ ಮನೆಯಿಂದ ಬಂಗಾಳಕೊಲ್ಲಿ ಬಲಕ್ಕೆ ಹಿಡಿದು ಉತ್ತರಕ್ಕೆ ಹೋದರೆ ಸಿಗುವ ಬಂದರು. ಆ ಪತ್ರದಲ್ಲಿ 'ಪಂಚ್' ಕುಡಿಯುವುದರ ಬಗ್ಗೆ ಒಂದು ಮಾತಿದೆ. ಈವರೆಗೆ ಸಿಕ್ಕಿರುವ ಬರಹಗಳಲ್ಲಿ ಆ ಪದದ ಅತಿ ಹಳೆಯ ಇಂಗ್ಲಿಷ್ ಬಳಕೆ ಅದೇ. ಫ್ರಾನ್ಸಿಸ್ ಡೇ ಬಂದು ಮದ್ರಾಸಿಗೆ ಜಾಗ ಪಡೆದದ್ದು 1639ರಲ್ಲಿ. ಅಂದ್ರೆ ಮದ್ರಾಸಿಗಿಂತ ಪಂಚ್ ಏಳು ವರ್ಷ ದೊಡ್ಡದು.

1638ರಲ್ಲಿ ಮ್ಯಾಂಡೆಲ್‌ಸ್ಲೋ ಅನ್ನೋ ಜರ್ಮನ್ ಪ್ರವಾಸಿ ಸೂರತ್‌ನಲ್ಲಿ ಇಂಗ್ಲಿಷರ ಮನೆಯಲ್ಲಿ ಉಳಿದಿದ್ದ. ಅಲ್ಲಿ ಕುಡಿದ ಒಂದು ಪಾನೀಯದ ಹೆಸರನ್ನ 'ಪಾಲೆಪುಂಟ್ಸ್' ಅಂತ ಬರೆದುಕೊಂಡಿದ್ದಾನೆ. ಸಾರಾಯಿ, ಪನ್ನೀರು, ನಿಂಬೆಜಾತಿಯ ಹಣ್ಣಿನ ರಸ, ಸಕ್ಕರೆ. ನಾಲ್ಕೇ ಬರೆದಿದ್ದಾನೆ, ಐದನೆಯದು ಬಿಟ್ಟುಹೋಗಿರಬೇಕು.

ಐದು ಅಂತ ಎಣಿಸಿ ಹೇಳಿದವನು ಜಾನ್ ಫ್ರೈಯರ್. ಕಂಪನಿಯ ವೈದ್ಯ. 1670ರ ದಶಕದಲ್ಲಿ ಈ ದೇಶದಲ್ಲೆಲ್ಲ ಸುತ್ತಿದ. ನಮಗೆ ಇವನು ಹತ್ತಿರದವನು, ಯಾಕಂದ್ರೆ ಕಾರವಾರದಲ್ಲಿ ಕಂಪನಿಯ ಕೋಠಿ ಇತ್ತು, ಅಲ್ಲಿಗೆ ಬಂದಿದ್ದ, ಗೋಕರ್ಣವನ್ನೂ ನೋಡಿ ಬರೆದಿದ್ದಾನೆ. ಗೋವಾದ ನೆರೂಲ್‌ನಲ್ಲಿ ಇಳಿಸುವ ಸಾರಾಯಿ ಒಳ್ಳೇದು, ಅದರಿಂದ ಇಂಗ್ಲಿಷರು 'ಪಂಚ್' ಅನ್ನೋ ಪಾನೀಯ ಮಾಡ್ತಾರೆ, ಐದು ವಸ್ತು ಹಾಕೋದರಿಂದ ಆ ಹೆಸರು, ಇಲ್ಲಿಯ ಭಾಷೆಯಲ್ಲಿ ಹಾಗಂದ್ರೆ ಐದು ಅಂತ ವಿವರಿಸ್ತಾನೆ. ಆ ಪಾನೀಯ ಮನುಷ್ಯನನ್ನ ಸೊರಗಿಸುತ್ತೆ ಅನ್ನೋದನ್ನೂ ವೈದ್ಯನಾಗಿ ಸೇರಿಸ್ತಾನೆ. ಆ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಪಂಚಾಮೃತ, ಪಂಚಕಜ್ಜಾಯ, ಪಂಚಗವ್ಯ ಅಂತ ಐದನ್ನ ಎಣಿಸಿಕೊಂಡೇ ಬೆಳೆದ ನಮಗೆ ಈ ವಿವರಣೆ ಕೇಳಿದ ತಕ್ಷಣ ಹೌದು ಅನಿಸುತ್ತೆ. ಹೌದು ಅನಿಸೋದೇ ಪುರಾವೆ ಅಲ್ಲ. ಹಡಗಿನಲ್ಲಿ ಮದ್ಯ ಸಾಗಿಸುತ್ತಿದ್ದ 'ಪಂಚನ್' ಅನ್ನೋ ಪೀಪಾಯಿಯಿಂದ ಹೆಸರು ಬಂದಿರಬಹುದು ಅನ್ನುವ ವಿದ್ವಾಂಸರೂ ಇದ್ದಾರೆ. ಆದ್ರೆ ಪದದ ಮೂಲ ಎಲ್ಲೇ ಇರಲಿ, ಪಾನೀಯ ಹುಟ್ಟಿದ್ದು ನಮ್ಮ ಎರಡು ಕರಾವಳಿಗಳಲ್ಲಿ ಅನ್ನೋದಕ್ಕೆ ಈ ಮೂರು ಸಾಕ್ಷಿಗಳು ಸಾಕು. ಕಾರಣವೂ ಸರಳ. ಇಂಗ್ಲೆಂಡಿನಿಂದ ಹೊರಟ ಬಿಯರ್ ಬಿಸಿಲಿಗೆ ಹುಳಿಯಾಗುತ್ತಿತ್ತು, ವೈನ್ ದುಬಾರಿ. ಇಲ್ಲಿ ಅಗ್ಗಕ್ಕೆ ಸಿಗುತ್ತಿದ್ದದ್ದು ತೆಂಗಿನ ಕಳ್ಳನ್ನ ಬಟ್ಟಿ ಇಳಿಸಿದ ಅರಾಕ್. ಅರಬ್ಬಿಯಲ್ಲಿ ಆ ಪದಕ್ಕೆ ಬೆವರು ಅಂತ ಅರ್ಥ. ಪಾತ್ರೆಯ ಮೂತಿಯಲ್ಲಿ ಹನಿ ಹನಿಯಾಗಿ ಇಳಿಯೋದನ್ನ ನೋಡಿ ಇಟ್ಟ ಹೆಸರು. ಹಸಿಯಾಗಿ ಕುಡಿಯೋಕೆ ಒರಟು. ಅದಕ್ಕೆ ನಿಂಬೆ ಹಿಂಡಿ, ಸಕ್ಕರೆ ಹಾಕಿ, ನೀರು ಬೆರೆಸಿ, ಮೇಲೆ ಜಾಯಿಕಾಯಿಯಂಥ ಮಸಾಲೆ ತುರಿದರು. ಸಾರಾಯಿ, ಹುಳಿ, ಸಿಹಿ, ನೀರು, ಮಸಾಲೆ: ಐದು.

ಪಂಚ್ ಹಡಗು ಹತ್ತಿ ಲಂಡನ್ನಿಗೆ ಹೋಯ್ತು, ಅಲ್ಲಿಂದ ಅಮೆರಿಕಕ್ಕೆ. ದಾರಿಯಲ್ಲಿ ನೀರಿನ ಜಾಗಕ್ಕೆ ಕೆಲವರು ಟೀ ಹಾಕತೊಡಗಿದರು. 19ನೇ ಶತಮಾನದ 'ರೀಜೆಂಟ್ಸ್ ಪಂಚ್' ಅನ್ನೋ ಪ್ರಸಿದ್ಧ ಬಗೆಯಲ್ಲಿ ಗ್ರೀನ್ ಟೀ ಇದೆ. ಈಗ ನನ್ನ ಡಿಸೆಂಬರ್ 4ರ ಲೋಟಕ್ಕೆ ಬನ್ನಿ. ಟೀ, ಸಕ್ಕರೆ, ಮಸಾಲೆ, ಕಿತ್ತಳೆ, ಮದ್ಯ. ಎಣಿಸಿ ನೋಡಿ. ನಾವು ಮೇಣದಬತ್ತಿ ಬೆಳಕಲ್ಲಿ ಹೊಸದಾಗಿ ಏನೂ ಕಂಡುಹಿಡಿದಿರಲಿಲ್ಲ.

ನಾರ್ತಂಗಾಯ್ ಹೋದ ದಾರಿ

ಆ ಬಾಟಲಿಯಾದರೂ ಪರದೇಶದ್ದು ಅನ್ನೋಣವಾ? ಅದೂ ಅಷ್ಟು ನೇರವಾಗಿಲ್ಲ.

ನಮ್ಮ ಬೀದಿಗೆ ತರಕಾರಿ ಗಾಡಿ ತರುವ ಅಕ್ಕ ಚಳಿಗಾಲದಲ್ಲಿ ದಪ್ಪ ಸಿಪ್ಪೆಯ, ಹಸಿರು ಹಳದಿ ಮಿಶ್ರ ಬಣ್ಣದ ಒಂದು ಕಾಯಿ ಮಾರ್ತಾರೆ. 'ನಾರ್ತಂಗಾಯ್' ಅಂತ ಕೂಗ್ತಾರೆ. ತಮಿಳರ ಮನೆಯಲ್ಲಿ ಉಪ್ಪು ಹಾಕಿ ಒಣಗಿಸಿ ಮೊಸರನ್ನದ ಜೊತೆ ಇಟ್ಟುಕೊಳ್ತಾರಲ್ಲ, ಅದೇ. ನಮ್ಮ ಹೇರಳೆಕಾಯಿಯ ನೆಂಟ. ಮೈಸೂರು ಕಡೆಯವರಿಗೆ ಹೇರಳೆಕಾಯಿ ಚಿತ್ರಾನ್ನ ಅಂದ್ರೆ ಬಾಯಲ್ಲಿ ನೀರು ಬರುತ್ತೆ.

ಆ 'ನಾರ್' ಅನ್ನೋ ಸದ್ದನ್ನ ಹಿಡಿದು ಹೋದರೆ ಒಂದು ಪ್ರವಾಸ ಸಿಗುತ್ತೆ. ಸಂಸ್ಕೃತದಲ್ಲಿ ನಾರಂಗ, ಪಾರಸಿಯಲ್ಲಿ ನಾರಂಗ್, ಅರಬ್ಬಿಯಲ್ಲಿ ನಾರಂಜ್, ಸ್ಪ್ಯಾನಿಷ್‌ನಲ್ಲಿ ನಾರಾಂಹ. ಮುಂದೆ ಫ್ರೆಂಚ್ ತಲುಪುವಷ್ಟರಲ್ಲಿ ಮೊದಲ 'ನ' ದಾರಿಯಲ್ಲಿ ಉದುರಿ, ಇಂಗ್ಲಿಷ್‌ಗೆ 'ಆರೆಂಜ್' ಆಗಿ ಮುಟ್ಟಿತು. ಸಂಸ್ಕೃತಕ್ಕೆ ಈ ಪದ ಬಂದದ್ದೇ ದ್ರಾವಿಡ ಭಾಷೆಯಿಂದ ಇರಬೇಕು, ವಾಸನೆಗೆ ಸಂಬಂಧಿಸಿದ ಪದದಿಂದ, ಅಂತ ಹಲವು ಭಾಷಾತಜ್ಞರ ಅಭಿಪ್ರಾಯ. ತಮಾಷೆ ನೋಡಿ, ಕನ್ನಡದಲ್ಲಿ 'ನಾರುತ್ತೆ' ಅಂದ್ರೆ ಮೂಗು ಮುಚ್ಚಿಕೊಳ್ತೀವಿ. ಘಮಕ್ಕೂ ನಾತಕ್ಕೂ ಒಂದೇ ಬೇರು ಇರಬಹುದು.

ಹೀಗೆ ಪಶ್ಚಿಮಕ್ಕೆ ಹೋದ ಕಿತ್ತಳೆಯನ್ನ ಸ್ಪೇನಿನವರು ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪದಲ್ಲಿ ನೆಟ್ಟರು. ಮಳೆ ಕಡಿಮೆಯ ಒಣ ನೆಲ. ಹಣ್ಣು ತಿನ್ನೋಕಾಗದಷ್ಟು ಕಹಿಯಾಯ್ತು. ಆದ್ರೆ ಸಿಪ್ಪೆಯನ್ನ ಬಿಸಿಲಲ್ಲಿ ಒಣಗಿಸಿದರೆ ಅಪರೂಪದ ಘಮ. 1634ರಲ್ಲಿ ಡಚ್ಚರು ಆ ದ್ವೀಪ ವಶಪಡಿಸಿಕೊಂಡರು. ಆ ಒಣ ಸಿಪ್ಪೆಯನ್ನ ಮದ್ಯದಲ್ಲಿ ನೆನೆಸಿ, ಬಟ್ಟಿ ಇಳಿಸಿ, ಸಕ್ಕರೆ ಸೇರಿಸಿ ಮಾಡಿದ್ದೇ ಕ್ಯುರಸಾವ್ ಲಿಕರ್. ಫ್ರಾನ್ಸಿನ ಆಂಜೆ ಊರಿನ ಕ್ವಾಂತ್ರೋ ಕುಟುಂಬ 1875ರಲ್ಲಿ ಇದರದ್ದೇ ಸ್ಪಷ್ಟ, ಬಣ್ಣವಿಲ್ಲದ ಇನ್ನೊಂದು ಬಗೆ ಮಾಡಿ ಹೆಸರು ಮಾಡಿತು.

1632ರಲ್ಲಿ ಕೋರಮಂಡಲದಲ್ಲಿ ಪಂಚ್, 1634ರಲ್ಲಿ ಡಚ್ಚರ ಕೈಗೆ ಕ್ಯುರಸಾವ್, 1639ರಲ್ಲಿ ಮದ್ರಾಸ್. ಏಳು ವರ್ಷದೊಳಗೆ ಈ ಲೋಟದ ಮೂರು ಎಳೆಗಳು. ಅವು ಒಂದಾಗೋಕೆ ಒಬ್ಬ ಹುಬ್ಬಳ್ಳಿ ಹುಡುಗ ಆನ್‌ಸೈಟ್ ಹೋಗಿ ಬರಬೇಕಾಯ್ತು.

ಟೀ ಬಂದದ್ದು ಕೊನೆಗೆ

ನಿಜವಾದ ಹೊಸಬ ಯಾರು ಗೊತ್ತಾ? ನಾವು ಹಳಬ ಅಂದುಕೊಂಡ ಮಸಾಲೆ ಟೀ.

1823ರಲ್ಲಿ ರಾಬರ್ಟ್ ಬ್ರೂಸ್‌ಗೆ ಅಸ್ಸಾಮಿನ ಸ್ಥಳೀಯರಿಂದ ಅಲ್ಲಿನ ಟೀ ಗಿಡದ ಸುಳಿವು ಸಿಕ್ಕಿತು. 1839ರ ಜನವರಿಯಲ್ಲಿ ಲಂಡನ್ನಿನಲ್ಲಿ ಅಸ್ಸಾಂ ಟೀಯ ಮೊದಲ ಹರಾಜು. ಆಮೇಲೂ ಅದು ಬಹುಕಾಲ ರಫ್ತಿನ ಮಾಲು. ಬೆಳೆಯೋದು ನಾವು, ಕುಡಿಯೋದು ಅವರು. 1903ರಲ್ಲಿ ಟೀ ಸೆಸ್ ಕಾಯ್ದೆ ಬಂದು, ಆ ದುಡ್ಡಲ್ಲಿ ಟೀ ಪ್ರಚಾರ ಶುರುವಾಯ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹೊರಗಿನ ಬೆಲೆ ಬಿದ್ದಾಗ ಟೀ ಮಂಡಳಿಯವರ ಕಣ್ಣು ಪೂರ್ತಿ ನಮ್ಮ ಕಡೆ ತಿರುಗಿತು. ರೈಲ್ವೆ ಸ್ಟೇಷನ್, ಕಾರ್ಖಾನೆ, ಸಂತೆ, ಎಲ್ಲ ಕಡೆ ಟೀ ಮಾಡೋದು ಹೇಗೆ ಅಂತ ತೋರಿಸುವ ಜನ, ಬಣ್ಣದ ಫಲಕಗಳು. ನಮ್ಮವರು ಕಲಿತರು, ಆದ್ರೆ ಅವರು ಹೇಳಿದ ಹಾಗೆ ಮಾಡಲಿಲ್ಲ. ಹಾಲು ಜಾಸ್ತಿ ಹಾಕಿದರು, ಸಕ್ಕರೆ ಸುರಿದರು, ಶುಂಠಿ ಏಲಕ್ಕಿ ಜಜ್ಜಿ ಹಾಕಿ ಎಲ್ಲವನ್ನೂ ಒಟ್ಟಿಗೆ ಕುದಿಸಿದರು. ಮಸಾಲೆ ಹಾಕಿದರೆ ಟೀ ಸೊಪ್ಪು ಕಡಿಮೆ ಸಾಕಲ್ಲ, ವ್ಯಾಪಾರ ಕಮ್ಮಿಯಾಗುತ್ತೆ ಅಂತ ಪ್ರಚಾರದವರಿಗೆ ಬೇಸರ. ಅಸ್ಸಾಮಿನಲ್ಲಿ 1930ರ ಸುಮಾರಿಗೆ ಬಂದ ಸಿಟಿಸಿ ಯಂತ್ರ ಸ್ವಾತಂತ್ರ್ಯದ ನಂತರ ಎಲ್ಲೆಡೆ ಹರಡಿದ ಮೇಲೆ ಗಟ್ಟಿ ಬಣ್ಣದ ಅಗ್ಗದ ಪುಡಿ ಬಡವರ ಕೈಗೂ ಎಟುಕಿತು. ಇವತ್ತು ಓಎಂಆರ್ ಉದ್ದಕ್ಕೂ ಕಾಣುವ ಟೀ ಕಡೈಗಳು ಆ ಕಥೆಯ ಮುಂದುವರಿಕೆ.

ನಮ್ಮ ಮಲೆನಾಡಲ್ಲಂತೂ ಕಾಫಿಯದ್ದೇ ರಾಜ್ಯ. ಟೀ ಬರೋಕೆ ಮುಂಚೆ ಇದ್ದದ್ದು ಕಷಾಯ. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಬಡೆಸೋಂಪು, ಒಂದಿಷ್ಟು ಮೆಂತ್ಯ, ಏಲಕ್ಕಿ, ಒಣಶುಂಠಿ. ಹುರಿದು ಪುಡಿ ಮಾಡಿ, ನೀರಲ್ಲಿ ಕುದಿಸಿ, ಬೆಲ್ಲ, ಹಾಲು. ಮಸಾಲೆ ಟೀ ಅಂದ್ರೆ ಲೆಕ್ಕಕ್ಕೆ ಕಷಾಯಕ್ಕೆ ಟೀ ಸೊಪ್ಪು ಹಾಕಿದ ಹಾಗೆ. ಪ್ರತಿ ಮನೆಯ ಪುಡಿಗೂ ಒಂದೊಂದು ಅಳತೆ. ನಮ್ಮ ಮನೆಯದ್ದರಲ್ಲಿ ಕಾಳುಮೆಣಸು ವಿಪರೀತ. ನೆಂಟರು ಕುಡಿದು ಕೆಮ್ಮುತ್ತಿದ್ದರು. ಶೀತಕ್ಕೆ ಒಳ್ಳೇದು ಅಂತ ಹಾಗೆ ಮಾಡ್ತಾರೆ ಅಂತಲೇ ಮೂವತ್ತು ವರ್ಷ ನಂಬಿದ್ದೆ.

ಅಮ್ಮನ ಫೋನ್

ಇದು ವಿಡಿಯೋದಲ್ಲಿ ಹೇಳದೇ ಇದ್ದ ಭಾಗ.

ನೀರು ಇಳಿದು ನೆಟ್‌ವರ್ಕ್ ಬಂದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಎಲ್ಲ ಚೆನ್ನಾಗಿದ್ದೀವಿ, ನಿನ್ನ ಕಷಾಯದ ಪುಡಿಯೇ ಕಾಪಾಡಿತು ಅಂತೆಲ್ಲ ಹೇಳುವಾಗ ಉತ್ಸಾಹದಲ್ಲಿ ಲಿಕರ್ ವಿಷಯವನ್ನೂ ಹೇಳಿಬಿಟ್ಟೆ. ನಾನು ಅಪರೂಪಕ್ಕೆ ಕುಡಿಯೋದು ಅಮ್ಮನಿಗೆ ಗೊತ್ತು, ಅದರ ಬಗ್ಗೆ ಯಾವತ್ತೂ ಜಗಳ ಆಗಿಲ್ಲ. ಈ ಸಲ ಮಾತ್ರ ಆ ಕಡೆ ಸುಮ್ಮನಾದಳು. ಆಮೇಲೆ ಕೇಳಿದಳು: 'ಆ ಪುಡಿಗಾ ಹಾಕಿದ್ದು ಮಗಾ?'

ಅಜ್ಜ, ಅಂದ್ರೆ ಅಮ್ಮನ ಅಪ್ಪಯ್ಯ, ಸಾರಾಯಿ ಕುಡೀತಿದ್ದರು. ಅಷ್ಟು ಮಾತ್ರ ನನಗೆ ಗೊತ್ತಿತ್ತು. ಅವರು ತೀರಿಕೊಂಡಾಗ ಅಮ್ಮನಿಗೆ ಹದಿನಾಲ್ಕು. ಗೊತ್ತಿಲ್ಲದ್ದು ಇದು: ಸಂಜೆ ದೀಪ ಹಚ್ಚುವ ಹೊತ್ತಿಗೆ ಅಜ್ಜನಿಗೆ ಕಾಲು ನಿಲ್ತಿರಲಿಲ್ಲ, ಊರಾಚೆಯ ಅಂಗಡಿ ಕಡೆ ಎಳೀತಿತ್ತು. ಸರಿಯಾಗಿ ಅದೇ ಹೊತ್ತಿಗೆ ಅಜ್ಜಿ ಒಲೆ ಮೇಲೆ ಕಷಾಯ ಇಡ್ತಿದ್ದಳು. ಸಾರಾಯಿ ಇಳಿಯುವಾಗ ಗಂಟಲು ಸುಡುತ್ತಂತೆ, ಅದಿಲ್ಲದಿದ್ರೆ ಕುಡಿದ ಹಾಗಾಗಲ್ಲ ಅಂತ ಅಜ್ಜ ಒಮ್ಮೆ ಹೇಳಿದ್ದರಂತೆ. ಅದಕ್ಕೇ ಅಜ್ಜಿ ಕಾಳುಮೆಣಸು ಹೆಚ್ಚಿಸ್ತಾ ಹೋದಳು. ಸುಡೋದು ಬೇಕು ಅಂದ್ರೆ ಇಲ್ಲೇ ಸುಡಲಿ ಅಂತ. ಕೆಲವು ಸಂಜೆ ಅಜ್ಜ ಲೋಟ ಹಿಡಿದು ಜಗುಲಿಯಲ್ಲೇ ಕೂತುಬಿಡ್ತಿದ್ದರು. ಹಲವು ಸಂಜೆ ಕುಡಿದು, ಲೋಟ ಇಟ್ಟು, ಎದ್ದು ಹೋಗ್ತಿದ್ದರು. ಗದ್ದೆ ಹೋಯ್ತು, ಅಜ್ಜನೂ ಹೋದರು. ಪುಡಿಯ ಅಳತೆ ಮಾತ್ರ ಉಳಿಯಿತು, ಅಮ್ಮನ ಕೈಗೆ ಬಂತು, ಡಬ್ಬಿಯಲ್ಲಿ ಶೋಳಿಂಗನಲ್ಲೂರಿಗೂ ಬಂತು.

ನಾನು ಹುಡುಕಿಕೊಂಡು 1632ಕ್ಕೆ ಹೋಗಿದ್ದೆ. ನನ್ನ ಕೈಯಲ್ಲಿದ್ದ ಡಬ್ಬಿಯ ಚರಿತ್ರೆ ಕೇಳಿರಲಿಲ್ಲ.

ಅದೇ ತೀರ, ಇನ್ನೊಂದು ಪುಟ

ಆಮೇಲೆ ಅದೇ ಇತಿಹಾಸವನ್ನ ಇನ್ನೊಮ್ಮೆ ಓದಿದೆ. ಈ ಸಲ ಬೇರೆ ಸಾಲುಗಳು ಕಂಡವು.

ಫ್ರೈಯರ್ ಪಂಚ್ ಬಗ್ಗೆ ಬರೆದ ಅದೇ ದಶಕದಲ್ಲಿ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ವಿಲಿಯಂ ಲ್ಯಾಂಗ್‌ಹಾರ್ನ್ ಗವರ್ನರ್. ಕುಡಿತ ಕೈಮೀರಿದ್ದರಿಂದ ನಿಯಮ ತಂದರು: ಒಬ್ಬ ಒಂದು ಸಲಕ್ಕೆ ಅರ್ಧ ಪಿಂಟ್ ಅರಾಕ್ ಅಥವಾ ಬ್ರಾಂದಿ, ಮೇಲೆ ಒಂದು ಕ್ವಾರ್ಟ್ ವೈನ್, ಅದಕ್ಕಿಂತ ಹೆಚ್ಚು ಕುಡಿಯಬಾರದು. ಕಾಲು ಲೀಟರ್ ಸಾರಾಯಿ ಮತ್ತು ಸುಮಾರು ಒಂದು ಲೀಟರ್ ವೈನ್. ಇದು ಮಿತಿ! ಮಿತಿಯೇ ಇಷ್ಟಿದ್ದರೆ ಅಭ್ಯಾಸ ಎಷ್ಟಿತ್ತು ಅಂತ ಊಹಿಸಿ. ಬಂದರು ಊರುಗಳಲ್ಲಿ ನಾವಿಕರು ಸೇರುವ ಹೆಂಡದಂಗಡಿಗಳಿಗೆ 'ಪಂಚ್ ಹೌಸ್' ಅಂತಲೇ ಹೆಸರಾಯ್ತು.

ನಾವಿಕರು ಹೋದರು, ಸಾರಾಯಿ ಉಳಿಯಿತು. ಸರ್ಕಾರಗಳಿಗೆ ಆದಾಯವಾಗಿ, ಹಳ್ಳಿಗಳಿಗೆ ರೋಗವಾಗಿ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷದ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಅನ್ನೋ ಹಳ್ಳಿಯಲ್ಲಿ ರಾತ್ರಿಶಾಲೆಗೆ ಹೋಗಿ ಅಕ್ಷರ ಕಲಿಯುತ್ತಿದ್ದ ಹೆಂಗಸರು, ವರ್ಧಿನೇನಿ ರೋಶಮ್ಮ ಮುಂದೆ ನಿಂತು, ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಆ ಕಥೆ ಓದುವ ಪಾಠವಾಗಿ ಬೇರೆ ಹಳ್ಳಿಗಳಿಗೂ ಹೋಯ್ತು, ಅಲ್ಲೂ ಅಂಗಡಿಗಳು ಮುಚ್ಚಿದವು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧಿಸಬೇಕಾಯ್ತು. ನಮ್ಮ ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಅಜ್ಜ ಹೋಗಿ ಎಷ್ಟೋ ವರ್ಷ ಆದ ಮೇಲೆ. ಅವತ್ತು ಅಜ್ಜಿ ಇನ್ನೂ ಇದ್ದಳು. ಪೇಪರಿನಲ್ಲಿ ಬಂದದ್ದನ್ನ ಅಮ್ಮ ಓದಿ ಹೇಳಿದರೆ ಏನೂ ಮಾತಾಡದೆ ಎದ್ದು ಒಳಗೆ ಹೋದಳಂತೆ.

ಮುಗಿದ ಕಥೆ ಅಂದುಕೊಳ್ಳಬೇಡಿ. 2023ರ ಮೇ ತಿಂಗಳಲ್ಲಿ ಇಲ್ಲಿಂದ ಇಸಿಆರ್ ಹಿಡಿದು ದಕ್ಷಿಣಕ್ಕೆ ಹೋದರೆ ಸಿಗುವ ಮರಕ್ಕಾಣಂ ಮತ್ತು ಚೆಂಗಲ್ಪಟ್ಟು ಕಡೆ ಮೆಥನಾಲ್ ಬೆರೆತ ಸಾರಾಯಿಗೆ 20ಕ್ಕೂ ಹೆಚ್ಚು ಜನ, 2024ರ ಜೂನ್‌ನಲ್ಲಿ ಕಳ್ಳಕುರಿಚ್ಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ವಾರಾಂತ್ಯಕ್ಕೆ ಪಾಂಡಿಚೇರಿಗೆ ಅಂತ ನಾವು ಮರಕ್ಕಾಣಂ ದಾಟಿಕೊಂಡೇ ಹೋಗ್ತೀವಿ.

ನಾನು ಈ ಚಾನೆಲ್‌ನಲ್ಲಿ ಹಲವು ಸಲ ಒಂದು ವಾದ ಮಾಡಿದ್ದೀನಿ: ಪರದೇಶಿ ಅಂದುಕೊಂಡದ್ದು ಅಗೆದು ನೋಡಿದರೆ ನಮ್ಮದೇ ಆಗಿರುತ್ತೆ ಅಂತ. ಪಂಚ್ ವಿಷಯದಲ್ಲೂ ಅದು ನಿಜ. ಆದ್ರೆ 'ನಮ್ಮದು' ಅನ್ನೋದು ಸರ್ಟಿಫಿಕೇಟ್ ಅಲ್ಲ. ಪಂಚ್ ನಮ್ಮದಾದರೆ ಊರಾಚೆಯ ಸಾರಾಯಿ ಅಂಗಡಿಯೂ ನಮ್ಮದೇ. ದೂಬಗುಂಟದ ಹೆಂಗಸರೂ ನಮ್ಮವರೇ, ಕಾಳುಮೆಣಸು ಹೆಚ್ಚಿಸಿದ ಅಜ್ಜಿಯೂ. ಚರಿತ್ರೆ ಓದಿದರೆ ಇವರೆಲ್ಲರನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಬೇಕಾದ್ದನ್ನ ಮಾತ್ರ ಆರಿಸಿಕೊಂಡರೆ ಅದು ಜಾಹೀರಾತು.

ಈಗ ನಾನು ಮಾಡೋ ರೀತಿ

ಹಾಗಾದ್ರೆ ಬಿಟ್ಟುಬಿಟ್ಯಾ ಅಂತ ಕೇಳ್ತೀರಿ. ಇಲ್ಲ. ಮಾಡುವ ಕ್ರಮ ಬದಲಾಯ್ತು. ಇಬ್ಬರಿಗೆ ಅಳತೆ ಹೇಳ್ತೀನಿ.

ಒಂದೂವರೆ ಲೋಟ ನೀರಿಗೆ ಅರ್ಧ ಚಮಚ ಕಷಾಯದ ಪುಡಿ, ಜಜ್ಜಿದ ಶುಂಠಿ ಒಂದು ತುಂಡು. ಮೂರು ನಿಮಿಷ ಕುದಿಯಲಿ. ಎರಡು ಚಮಚ ಟೀ ಪುಡಿ ಹಾಕಿ. ಚಿಕ್ಕಮಗಳೂರು ಕಡೆಯಿಂದ ಯಾರಾದರೂ ಬಂದರೆ ಕೆಳಗೂರು ಟೀ ತರಿಸಿಕೊಳ್ಳಿ, ನಮ್ಮ ರಾಜ್ಯದ್ದೂ ಒಂದು ಟೀ ಇದೆ ಅಂತ ಸ್ನೇಹಿತರಿಗೆ ಹೇಳಬಹುದು. ಒಂದು ನಿಮಿಷದ ನಂತರ ಒಂದು ಲೋಟ ಹಾಲು. ಉಕ್ಕಿ ಬಂದ ಮೇಲೆ ಉರಿ ಆರಿಸಿ. ಬೆಲ್ಲ ಹಾಕುವುದಾದರೆ ಉರಿ ಆರಿಸಿದ ಮೇಲೇ ಹಾಕಿ, ಕುದಿಯುವಾಗ ಹಾಕಿದರೆ ಕೆಲವು ಬೆಲ್ಲಕ್ಕೆ ಹಾಲು ಒಡೆಯುತ್ತೆ.

ಕಿತ್ತಳೆಯದ್ದು ರಸ ಹಾಕಬೇಡಿ, ಸಿಪ್ಪೆ ಹಾಕಿ. ರಸದಲ್ಲಿರುವ ಹುಳಿಗೆ ಹಾಲಿನ ಕೇಸಿನ್ ಗಡ್ಡೆ ಕಟ್ಟುತ್ತೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಬೇಕಂತಲೇ ಹೀಗೆ ಹಾಲು ಒಡೆಸಿ, ಸೋಸಿ, ತಿಳಿಯಾದ 'ಮಿಲ್ಕ್ ಪಂಚ್' ಮಾಡುತ್ತಿದ್ದರು. ನಮಗೆ ಬೇಕಾಗಿರೋದು ಅದಲ್ಲ. ಘಮ ಇರೋದು ಸಿಪ್ಪೆಯ ಹೊರಪದರದ ಎಣ್ಣೆಯಲ್ಲಿ, ಅದರ ಮುಖ್ಯ ಅಂಶ ಲಿಮೋನೀನ್. ಲಿಕರ್ ಕೂಡ ಸಿಪ್ಪೆಯಿಂದಲೇ ಮಾಡಿದ್ದು, ಅದಕ್ಕೇ ಟೀಗೆ ಹಾಕಿದರೂ ಹಾಲು ಒಡೆಯಲ್ಲ.

ಇಲ್ಲಿಯವರೆಗೆ ಪಾತ್ರೆ ಎಲ್ಲರದ್ದು. ಬಾಟಲಿ ಪಾತ್ರೆಗೆ ಬಗ್ಗಲ್ಲ. ಮೊದಲನೇ ಕಾರಣ ವಿಜ್ಞಾನ: ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತೆ, ಉರಿ ಮೇಲಿರುವಾಗ ಸುರಿದರೆ ಘಮ ಹಾರಿಹೋಗುತ್ತೆ, ಆವಿ ಹೊತ್ತಿಕೊಳ್ಳಲೂಬಹುದು. ಎರಡನೇ ಕಾರಣ ನಿಮಗೆ ಈಗ ಗೊತ್ತು. ಬೇಕಾದವರು ತಮ್ಮ ಲೋಟಕ್ಕೆ 15 ಮಿಲಿಲೀಟರ್, ಅಂದ್ರೆ ಮೂರು ಟೀ ಚಮಚ, ತಾವೇ ಹಾಕಿಕೊಳ್ಳಲಿ. 40 ಶೇಕಡಾದ ಬಾಟಲಿಯಾದರೆ ಅದರಲ್ಲಿ 6 ಮಿಲಿಲೀಟರ್ ಆಲ್ಕೋಹಾಲ್. ಗಾಡಿ ಓಡಿಸೋರು, ಮಾತ್ರೆ ತಗೊಳ್ಳೋರು, ಮನೆಯಲ್ಲಿ ಅಜ್ಜನ ಕಥೆ ಇರೋರು ಕೇಳಿಸಿಕೊಳ್ಳದೆ ಸುಮ್ಮನೆ ಬೇಡ ಅನ್ನೋಕೆ ಸಾಧ್ಯವಾಗಬೇಕು. ಆನ್‌ಸೈಟ್ ಪಾರ್ಟಿಗಳಲ್ಲಿ, ಟೀಮ್ ಔಟಿಂಗ್‌ಗಳಲ್ಲಿ ಯಾಕೆ ಬೇಡ ಅಂತ ಕಾರಣ ಹೇಳಿ ಹೇಳಿ ಸುಸ್ತಾದವರು ನಮ್ಮ ನಡುವೆ ಎಷ್ಟು ಜನ ಇದ್ದಾರೆ ಗೊತ್ತಲ್ವಾ. ಇನ್ನೊಂದು ಮಾತು: ಸಿಪ್ಪೆ ನೆನೆಸೋದು ಬೇರೆ, ಮನೆಯಲ್ಲಿ ಮದ್ಯ ಬಟ್ಟಿ ಇಳಿಸೋದು ಬೇರೆ. ಎರಡನೆಯದು ಅಪರಾಧ.

ಮರುವರ್ಷ ಬೇಸಿಗೆಯಲ್ಲಿ ಅಮ್ಮ ಬಂದಿದ್ದಳು. ಒಂದು ಸಂಜೆ ತಾನಾಗಿಯೇ 'ಆ ಬಾಟ್ಲಿ ತಗಂಬಾ, ನೋಡಣ' ಅಂದಳು. ಮುಚ್ಚಳ ತೆಗೆದು ಮೂಸಿದಳು. 'ಸಿಪ್ಪೆ ವಾಸ್ನೆ ಚೆನಾಗೈತೆ. ಅಷ್ಟಕ್ಕೆ ಸಿಪ್ಪೆನೇ ಸಾಕಲ್ಲ?' ಅಂತ ಎದ್ದು, ಫ್ರಿಜ್‌ನಲ್ಲಿದ್ದ ಕಿತ್ತಳೆಯೊಂದರ ಸಿಪ್ಪೆಯನ್ನ ಬಿಳಿ ಭಾಗ ಬರದ ಹಾಗೆ ತೆಳ್ಳಗೆ ಹೆರೆದು, ಸಕ್ಕರೆ ಹಾಕಿ ಕೈಯಲ್ಲಿ ತಿಕ್ಕಿ, ಮುಚ್ಚಿಟ್ಟಳು. ಒಂದು ತಾಸಿಗೆ ಸಕ್ಕರೆ ಒದ್ದೆಯಾಗಿ ಎಣ್ಣೆ ಬಿಟ್ಟಿತ್ತು. ಹಳೇ ಪಂಚ್ ಮಾಡುವವರೂ ಮೊದಲು ಮಾಡುತ್ತಿದ್ದದ್ದು ಇದೇ, ಸಿಪ್ಪೆಯನ್ನ ಸಕ್ಕರೆಯಲ್ಲಿ ತಿಕ್ಕಿಡೋದು. ಅಮ್ಮ ಅದನ್ನ ಎಲ್ಲೂ ಓದಿಲ್ಲ. ಆ ಸಕ್ಕರೆ ಟೀಗೆ ಹಾಕಿ ಕೊಟ್ಟಳು. ಘಮ ಅದೇ, ಖಾರ ಅದೇ. ಈಗ ನಮ್ಮ ಮನೆಯಲ್ಲಿ ಹೆಚ್ಚಾಗಿ ನಡೆಯೋದು ಆ ಟೀ. ಬಾಟಲಿಯೂ ಕಪಾಟಿನಲ್ಲಿ ಇದೆ, ಅರ್ಧ ಖಾಲಿಯಾಗಿ. ಹುಬ್ಬಳ್ಳಿ ಗೆಳೆಯ ಬಂದಾಗ ತೆಗೀತೀನಿ.

ಇದನ್ನ ಬರೀಲಾ ಅಂತ ಕೇಳಿದಾಗ ಅಮ್ಮ ತುಂಬ ಹೊತ್ತು ಯೋಚಿಸಿದಳು. 'ಬರಿ. ಅಪ್ಪಯ್ಯನ್ನ ಕೆಟ್ಟವ್ರು ಅಂತ ಮಾತ್ರ ಬರಿಬೇಡ. ಎಷ್ಟೋ ಸಂಜೆ ಕೂತಿದ್ರು ಅಂತ್ಲೂ ಬರಿ' ಅಂದಳು.

ಬರೆದಿದ್ದೀನಿ. ಮುಂದಿನ ವಾರ ಬಕಿಂಗ್‌ಹ್ಯಾಂ ಕಾಲುವೆ ಬಗ್ಗೆ ಮಾತಾಡೋಣ. ಅಲ್ಲಿಯವರೆಗೆ ನಿಮ್ಮ ಮನೆಯ ಪುಡಿ ಡಬ್ಬಿಯ ಅಳತೆ ಯಾಕೆ ಹಾಗಿದೆ ಅಂತ ಮನೆಯವರನ್ನ ಒಮ್ಮೆ ಕೇಳಿ ನೋಡಿ.